ಓಡ್ವಾರ್‌ನನ್ನು ಹುಡುಕಿದ ಏಳು ಹೆಂಗಸರು

“ಇದು ನಾನೇ,” ಎಂದ ಓಡ್ವಾರ್ ರೆಕ್‌ದಾಲ್. ಮೇಜಿನ ಮೇಲಿದ್ದ ಪಟವನ್ನು ಹತ್ತಿರಕ್ಕೆಳೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಇನ್ನೊಮ್ಮೆ ನೋಡಿದ. “ನಾನೇ. ಆದ್ರೆ ನಾನಲ್ಲ.”

ಟೂರಿಡ್ ವೆಸ್ಟ್‌ಬಿಗೆ ಪಿತ್ತ ನೆತ್ತಿಗೇರಿತು. ಇಪ್ಪತ್ತಾರು ವರ್ಷ ಪೊಲೀಸ್ ಕೆಲಸ ಮಾಡಿದವಳು ಅವಳು. ಸುಳ್ಳು ಹೇಳುವವರನ್ನೂ ಕಂಡಿದ್ದಳು, ನಿಜ ಹೇಳುವವರನ್ನೂ ಕಂಡಿದ್ದಳು. ಒಂದೇ ಉಸಿರಿನಲ್ಲಿ ಹೌದೆಂದು ಅಲ್ಲವೆನ್ನುವವನು ಸಿಕ್ಕಿದ್ದು ಇದೇ ಮೊದಲು.

“ಓಡ್ವಾರ್, ಒಗಟು ಬಿಡಿಸೋಕೆ ನಂಗೆ ಪುರುಸೊತ್ತಿಲ್ಲ. ಮುಖ ನಿಮ್ಮದು ತಾನೇ?”

“ಹೌದು.”

“ಗಡ್ಡ?”

“ನಂದೇ.”

“ಹಳದಿ ಜಾಕೆಟ್ಟು?”

“ಕಂಪನೀದು. ನೋಡಿ, ಜೇಬಿನ ಜಿಪ್ಪು ಕಿತ್ತೋಗಿದೆ. ಅದೂ ನಂದೇ. ಹಿಂದೆ ಕಾಣ್ತಿರೋದು ನಮ್ಮ ಫೆರಿ ಹಡಗಿನ ಕಟಕಟೆ.”

“ಹಾಗಿದ್ಮೇಲೆ ವಿಡಿಯೋ ಕಾಲಲ್ಲಿ ಬೋಡಿಲ್ ಎದುರು ಕೂತಿದ್ದೂ ನೀವೇ.”

“ಅಲ್ಲಾರೀ, ಬೋಡಿಲ್ ಅಂದ್ರೆ ಯಾರು ಅಂತಾನೇ ನಂಗೆ ಗೊತ್ತಿಲ್ವಲ್ರೀ!”

ಬೋಡಿಲ್ ಮೋರ್ಕ್, ಮೋಲ್ಡೆ ಪೇಟೆಯ ಕನ್ನಡಕದಂಗಡಿಯವಳು, ನಲವತ್ತೊಂಬತ್ತು ವಯಸ್ಸು. ಡೇಟಿಂಗ್ ಆ್ಯಪಿನಲ್ಲಿ ಪರಿಚಯವಾದ ‘ಓಡ್ವಾರ್ ರೆಕ್‌ದಾಲ್’ನನ್ನು ಮೊದಲ ಸಲ ನೋಡಲೆಂದು ಗುರುವಾರ ಮಧ್ಯಾಹ್ನ ಹೋದವಳು ಶನಿವಾರ ಬೆಳಿಗ್ಗೆ ಹನ್ನೊಂದಾದರೂ ಮನೆಗೆ ಬಂದಿರಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ಎರಡು ಗಂಟೆ ಹೊತ್ತಿನ ಕಾಫಿಯಷ್ಟೇ ಎಂದು, ಮುಗಿಯುತ್ತ ಬಂದಿದ್ದ ಒಂದೇ ಇನ್ಸುಲಿನ್ ಪೆನ್ನನ್ನು ಕೈಚೀಲದಲ್ಲಿಟ್ಟುಕೊಂಡು ಹೋಗಿದ್ದಳು. ಅದು ಬಹಳವೆಂದರೆ ಈ ದಿನದ ಸಂಜೆಯವರೆಗೆ ಬಂದೀತೆಂದು ಅವಳ ಡಾಕ್ಟರು ಹೇಳಿದ್ದರು. ಆಮೇಲಿನದನ್ನು ಅವರು ಹೇಳಲಿಲ್ಲ, ಟೂರಿಡ್ ಕೇಳಲೂ ಇಲ್ಲ.

ಬಾಗಿಲು ಟಕಟಕ ಎಂದಿತು. ಅವಳ ಜೊತೆಗಾರ ಎಸ್ಕಿಲ್ ತಲೆಯನ್ನಷ್ಟೇ ಒಳಗೆ ತೂರಿಸಿ, ಬಾ ಎಂದು ಸನ್ನೆ ಮಾಡಿದ.

“ಹೇಳು,” ಎಂದಳು ಟೂರಿಡ್ ಹೊರಗೆ ಬಂದು. “ಗುರುವಾರ ಎಲ್ಲಿದ್ದನಂತೆ?”

“ಫೆರಿ ಮೇಲೆ. ಹನ್ನೆರಡರಿಂದ ಸಂಜೆ ಎಂಟರವರೆಗೂ ಡೆಕ್ ಬಿಟ್ಟು ಅಲ್ಲಾಡಿಲ್ಲ. ಕ್ಯಾಮೆರಾದಲ್ಲಿದೆ. ಅದು ಸಾಲದು ಅಂತ, ಒಂದೂಮುಕ್ಕಾಲರ ಟ್ರಿಪ್ಪಲ್ಲಿ ನಮ್ಮತ್ತೆ ಕಾರು ಹತ್ತಿಸಿದ್ದಾರೆ. ‘ಕನ್ನಡಿ ಮಡಚಮ್ಮಾ, ಪಕ್ಕದವನ ಬಾಗಿಲಿಗೆ ಉಜ್ತೀಯ’ ಅಂತ ಎಲ್ರ ಎದುರಿಗೂ ಬೈದನಂತೆ ಈ ಆಸಾಮಿ. ಅತ್ತೆ ಇನ್ನೂ ಕುದೀತಿದ್ದಾರೆ.”

“ಒಂದೂಮುಕ್ಕಾಲಾ?”

“ಹೂಂ. ಒಂದೂವರೆಗೆ ಬೋಡಿಲ್ ಕೆಫೇಲಿ ಒಬ್ಳೇ ಕೂತಿದ್ಲು. ಅವಳಿಗೆ ಒಂದು ಕಾಲ್ ಬಂತು, ನಗ್ತಾ ಎದ್ದು ಹೋದ್ಲು ಅಂತ ಕೌಂಟರಿನವಳು ಹೇಳ್ತಾಳೆ. ಕಾರು ಇವತ್ತಿಗೂ ಕೆಫೆ ಮುಂದೇನೇ ನಿಂತಿದೆ. ಗಂಡಸನ್ನ ಯಾರೂ ನೋಡಿಲ್ಲ.”

“ಹಾಗಾದ್ರೆ ಒಳಗೆ ಕೂತಿರೋನು ಯಾರು?”

“ಓಡ್ವಾರ್ ರೆಕ್‌ದಾಲ್,” ಎಂದ ಎಸ್ಕಿಲ್ ದೀನನಾಗಿ. “ನನ್ನನ್ನ ಕೇಳಿದ್ರೆ?”

ಟೂರಿಡ್ ಗೋಡೆಗೊರಗಿದಳು. ನಿನ್ನೆ ಅವಳ ತಲೆಯಲ್ಲಿ ಎಲ್ಲವೂ ಸಲೀಸಾಗಿತ್ತು. ಪಟ ಕದ್ದದ್ದು, ಹೆಸರು ಕಟ್ಟಿದ್ದು, ಮನುಷ್ಯ ಸುಳ್ಳು. ಅಂಥ ಪ್ರಕರಣಗಳು ತಿಂಗಳಿಗೆರಡು ಬರುತ್ತವೆ. ಇಲ್ಲಿ ನೋಡಿದರೆ ಹೆಸರು ನಿಜ, ಪಟ ನಿಜ, ಮನುಷ್ಯ ನಿಜ, ವಿಡಿಯೋ ಕಾಲಿನಲ್ಲಿ ಕಂಡ ಮುಖ ಕೂಡ ನಿಜ. ಸುಳ್ಳೆಂಬುದು ಎಲ್ಲಿಂದ ಶುರುವಾಗುತ್ತದೆಂದೇ ತಿಳಿಯಲಿಲ್ಲ. ತಲೆ ಕೆಟ್ಟು ಕೆರ ಹಿಡಿಯಿತು.

ಕಾರಿಡಾರಿನ ಬೆಂಚಿನ ಮೇಲೆ ಬೋಡಿಲ್‌ಳ ಅಕ್ಕ ಸಿಗ್ರುನ್ ಕುಳಿತಿದ್ದಳು. ಬೆಳಿಗ್ಗೆ ಏಳರಿಂದಲೂ ಅಲ್ಲೇ ಇದ್ದಳು. ಚರ್ಚಿನ ಹಾಡುಗಾರರ ಗುಂಪಿನಲ್ಲಿ ಮೂವತ್ತು ವರ್ಷದಿಂದ ಹಾಡುವವಳು. ಉಣ್ಣೆಯ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂಡುತ್ತಿದ್ದಳು. ಎಸ್ಕಿಲ್ ತಂದುಕೊಟ್ಟ ಕಾಫಿ ಪಕ್ಕದಲ್ಲಿ ಆರಿ ತಣ್ಣಗಾಗಿತ್ತು.

“ನನ್ನ ತಂಗಿ ಪೆದ್ದಿ ಅಲ್ಲ,” ಎಂದಳು ಸಿಗ್ರುನ್, ಟೂರಿಡ್ ಬಾಯಿ ತೆರೆಯುವ ಮೊದಲೇ. “ನೀವೆಲ್ಲ ಹಾಗಂದ್ಕೊಂಡಿದ್ದೀರಿ.”

“ನಾನು ಹಾಗಂದ್ಕೊಂಡಿಲ್ಲ.”

“ಮೊದಲ ಮೂರು ವಾರ ಬರೀ ಬರ್ಕೊಂಡೇ ಮಾತಾಡಿದ್ದಾಳೆ. ಮನೆ ಎಲ್ಲಿ ಅಂತ ಹೇಳಿಲ್ಲ. ಆ ಪಟ ಬೇರೆ ಯಾವ ಹೆಸರಲ್ಲಾದ್ರೂ ಇದ್ಯಾ ಅಂತ ಹುಡುಕಿ ನೋಡಿದ್ಲು. ಮುಖ ತೋರಿಸು ಅಂತ ವಿಡಿಯೋ ಕಾಲ್ ಮಾಡಿಸಿದ್ಲು, ಅದರದೊಂದು ಪಟ ಹಿಡಿದು ನಂಗೂ ಕಳಿಸಿದ್ಲು. ಹಾಡಹಗಲಲ್ಲಿ ಜನ ಇರೋ ಜಾಗ. ಹೋಗಿದ್ದು ತನ್ನದೇ ಕಾರಲ್ಲಿ. ಮೂರು ಗಂಟೆಗೆ ನಂಗೆ ಕರೆ ಮಾಡ್ಬೇಕು ಅಂತ ಮಾತಾಗಿತ್ತು. ಇನ್ನೇನು ಮಾಡ್ಬೇಕಿತ್ತು ಹೇಳಿ ಅವಳು? ಇನ್ನೇನು ಮಾಡ್ಬೇಕಿತ್ತು?”

“ಮೂರು ಗಂಟೆಗೆ ಕರೆ ಮಾಡಿದ್ಲಾ?”

ಸಿಗ್ರುನ್ ಟೋಪಿಯನ್ನು ಹಿಂಡುವುದನ್ನು ನಿಲ್ಲಿಸಿದಳು.

“ಮೆಸೇಜ್ ಬಂತು. ‘ಎಲ್ಲಾ ಚೆನ್ನಾಗಿದೆ, ಪಟದಲ್ಲಿದ್ದ ಹಾಗೇ ಇದ್ದಾನೆ’ ಅಂತ. ನಾನು ಹಾಡಿನ ಅಭ್ಯಾಸದಲ್ಲಿದ್ದೆ. ಒಂದು ಕೆಂಪು ಹೃದಯ ಒತ್ತಿ ಸುಮ್ನಾಗ್ಬಿಟ್ಟೆ.” ಅವಳ ಕಣ್ಣು ತುಂಬಿತು. “ಕರೆ ಮಾಡ್ತೀನಿ ಅಂದಿದ್ಲು. ಬಂದಿದ್ದು ಮೆಸೇಜು. ನಂಗೆ ಅಷ್ಟೂ ಹೊಳೀಲಿಲ್ಲ ನೋಡಿ.”

ಸಮಾಧಾನ ಹೇಳಲು ಟೂರಿಡ್‌ಗೆ ಯಾವತ್ತೂ ಬಂದಿರಲಿಲ್ಲ. ಪ್ರಶ್ನೆ ಕೇಳಲಷ್ಟೇ ಬರುತ್ತಿತ್ತು.

“ತೆರಿಗೆ ಪಟ್ಟೀಲಿ ನೋಡಿದ್ಲಾ?”

“ನೋಡದೆ ಇರ್ತಾಳಾ? ಹೆಸರು, ಹುಟ್ಟಿದ ವರ್ಷ, ಊರು, ಎಲ್ಲ ಅವನು ಹೇಳಿದ ಹಾಗೇ ಇತ್ತು. ಅದಾದ್ಮೇಲೇನೇ ಧೈರ್ಯ ಬಂದಿದ್ದು,” ಎಂದಳು ಸಿಗ್ರುನ್, ಟೋಪಿಯನ್ನೇ ನೋಡುತ್ತ.

ಟೂರಿಡ್ ಸರ್ರನೆ ಓಡ್ವಾರ್ ಕುಳಿತಿದ್ದ ಕೋಣೆಯ ಕಡೆ ತಿರುಗಿದಳು. ಛೇ, ಇದು ತನಗೆ ನಿನ್ನೆಯೇ ಹೊಳೆಯಬೇಕಿತ್ತು!

ಈ ದೇಶದಲ್ಲಿ ಪಕ್ಕದ ಮನೆಯವನ ಆದಾಯವನ್ನು ಯಾರು ಬೇಕಾದರೂ ನೋಡಬಹುದು. ಕದ್ದು ನೋಡುವಂತಿಲ್ಲ, ಅಷ್ಟೇ. ತನ್ನ ಗುರುತು ಕೊಟ್ಟು ಒಳಗೆ ಹೋಗಬೇಕು. ಯಾರು ತನ್ನನ್ನು ನೋಡಿದರೆಂಬುದು ಆ ಪಕ್ಕದ ಮನೆಯವನಿಗೂ ಕಾಣುತ್ತದೆ. ಟೂರಿಡ್‌ಳ ಹಳೆಯ ಗಂಡನ ಹೊಸ ಹೆಂಡತಿ ಪ್ರತಿ ವರ್ಷ ಪಟ್ಟಿ ಹೊರಬಿದ್ದ ಕೂಡಲೇ ಟೂರಿಡ್‌ಳ ಹೆಸರು ಹುಡುಕುತ್ತಿದ್ದಳು. ಅದನ್ನು ಕಂಡ ದಿನವೆಲ್ಲ ಟೂರಿಡ್ ಖುಷಿಯಾಗಿರುತ್ತಿದ್ದಳು.

“ಓಡ್ವಾರ್, ನಿಮ್ಮನ್ನ ಯಾರ್ಯಾರು ಹುಡುಕಿದ್ದಾರೆ ಅಂತ ಯಾವತ್ತಾದ್ರೂ ನೋಡಿದ್ದೀರಾ?”

“ಎಲ್ಲಿ?”

“ತೆರಿಗೆ ಪಟ್ಟೀಲಿ.”

ಓಡ್ವಾರ್ ಹೋ ಎಂದು ನಕ್ಕ. ಐವತ್ತೇಳರ ಆ ದಪ್ಪ ಮನುಷ್ಯ ನಕ್ಕರೆ ಕುರ್ಚಿಯೂ ಅಲುಗುತ್ತಿತ್ತು. “ಹೋಗಿ ಹೋಗಿ ನನ್ನ ಸಂಬಳ ಯಾರು ನೋಡ್ತಾರೆ? ಫೆರೀಲಿ ಕಾರು ನಿಲ್ಲಿಸೋನು ನಾನು. ಕ್ಯಾಂಟೀನಲ್ಲಿ ಸ್ವೇಲೆ ದೋಸೆ ಹುಯ್ಯೋನೇ ನಂಗಿಂತ ಜಾಸ್ತಿ ದುಡೀತಾನೆ.”

“ಒಂದ್ಸಲ ನೋಡಿ.”

ಒಂದೇ ಬೆರಳಿನಲ್ಲಿ ಒತ್ತುತ್ತ, ಎರಡು ಸಲ ಗುರುತಿನ ಸಂಖ್ಯೆ ತಪ್ಪು ಮಾಡಿ, ಮೂರನೆಯ ಸಲಕ್ಕೆ ಅವನು ತನ್ನ ಫೋನಿನಲ್ಲಿ ಒಳಗೆ ಹೋದ. ಆಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಎಣಿಸಿದ.

“ಏಳು ಜನ,” ಎಂದ ಕೊನೆಗೆ. “ಎಲ್ಲಾ ಹೆಂಗಸ್ರು!”

“ನಿಮ್ಮ ಪರಿಚಯದವರಾ?”

“ಒಬ್ಳೂ ಅಲ್ಲ. ಅಯ್ಯೋ ದೇವ್ರೇ, ನನ್ನ ಹೆಂಡ್ತಿ ಬದುಕಿದ್ದಾಗ ಒಬ್ಳೂ ತಿರುಗಿ ನೋಡ್ಲಿಲ್ಲ, ಈಗ ಏಳು ಜನವೇ?” ಅವನ ಗಡ್ಡದ ಮೇಲಿನ ಕೆನ್ನೆ ಕೆಂಪಾಯಿತು. ಒಂದು ಗಳಿಗೆ ಖುಷಿಯಾದಂತೆ ಕಂಡ. ಮರುಗಳಿಗೆ ಎಲ್ಲಿ ಕುಳಿತಿದ್ದೇನೆಂಬುದು ನೆನಪಾಗಿ ಫೋನನ್ನು ಬಿಸಿ ಪಾತ್ರೆಯಂತೆ ಅವಳ ಕಡೆ ತಳ್ಳಿದ.

ಟೂರಿಡ್ ಓದಿದಳು. ಹೆಸರು, ಹುಟ್ಟಿದ ವರ್ಷ, ಊರು. ಇಬ್ಬರು ಮೋಲ್ಡೆಯವರು, ಉಳಿದವರು ಸುತ್ತಮುತ್ತಲಿನವರು. ಮೇಲಿನಿಂದ ಕೆಳಗೆ ಓದಿದಳು, ಕೆಳಗಿನಿಂದ ಮೇಲೆ ಓದಿದಳು.

ಬೋಡಿಲ್ ಮೋರ್ಕ್ ಎಂಬ ಹೆಸರೇ ಅದರಲ್ಲಿರಲಿಲ್ಲ.

ಇದ್ದದ್ದು ಸಿಗ್ರುನ್ ಮೋರ್ಕ್.

ಓಡ್ವಾರ್‌ನನ್ನು ಹುಡುಕಿದವಳು ಕಾಣೆಯಾದ ತಂಗಿಯಲ್ಲ, ಹೊರಗೆ ಅಳುತ್ತ ಕುಳಿತಿರುವ ಅಕ್ಕ. ಮೂರು ಗಂಟೆಯ ಮೆಸೇಜನ್ನು ಓದಿದವಳೂ ಅವಳೇ. ‘ನೋಡದೆ ಇರ್ತಾಳಾ’ ಎಂದವಳೂ ಅವಳೇ, ಟೋಪಿಯ ಕಡೆ ಮುಖ ಹಾಕಿಕೊಂಡು. ಟೂರಿಡ್‌ಗೆ ಆ ಹೆಂಗಸಿನ ಮೇಲೆ ಮರುಕವಿತ್ತು. ಈಗ ಅನುಮಾನವೂ ಬಂದು ಸೇರಿಕೊಂಡಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಕಷ್ಟ.

“ಎಸ್ಕಿಲ್! ಸಿಗ್ರುನ್‌ನ ಒಳಗೆ ಕರ್ಕೊಂಡ್ ಬಾ. ಆಮೇಲೆ ಈ ಪಟ್ಟಿಯ ಪಟ ತೆಕ್ಕೊಂಡು ಹೋಗಿ ಮಿಕ್ಕ ಆರು ಜನಕ್ಕೂ ಫೋನ್ ಹಚ್ಚು.”

ಬಾಗಿಲು ತೆರೆದು ಒಳಗೆ ಬಂದ ಸಿಗ್ರುನ್ ಕುರ್ಚಿಯಲ್ಲಿದ್ದವನನ್ನು ಕಂಡಳು. ಮೂರು ವಾರ ತಂಗಿಯ ಫೋನಿನಲ್ಲಿ ನೋಡಿದ್ದ ಮುಖ. ಅಷ್ಟೇ. ಟೂರಿಡ್ ಅಡ್ಡ ಬರುವಷ್ಟರಲ್ಲಿ ಅವನ ಜಾಕೆಟ್ಟಿನ ಕಾಲರು ಅವಳ ಕೈಯಲ್ಲಿತ್ತು.

“ಎಲ್ಲಿಟ್ಟಿದ್ದೀಯೋ ನನ್ನ ತಂಗೀನ? ಎಲ್ಲಿಟ್ಟಿದ್ದೀಯ? ಬಾಯ್ಬಿಡೋ!”

“ಅಮ್ಮಾ, ಬಿಡೀಮ್ಮಾ, ನಾನು ಯಾರನ್ನೂ ಎಲ್ಲೂ ಇಟ್ಟಿಲ್ಲ! ನಿಮ್ಮ ತಂಗಿ ಯಾರು ಅಂತ ನಂಗೆ ಗೊತ್ತೂ ಇಲ್ಲ. ಉಸಿರು ಕಟ್ತಾ ಇದೆ, ಬಿಡೀಮ್ಮಾ!”

ಸಿಗ್ರುನ್‌ಳ ಕೈ ಸಡಿಲವಾಯಿತು. ಟೂರಿಡ್ ಎಳೆದದ್ದರಿಂದಲ್ಲ, ತಾನಾಗಿಯೇ. ಅವಳು ಎರಡು ಹೆಜ್ಜೆ ಹಿಂದೆ ಸರಿದು ಅವನನ್ನು ಪಿಳಿಪಿಳಿ ನೋಡಿದಳು.

“ಇನ್ನೊಂದ್ಸಲ ಮಾತಾಡು.”

“ಏನು ಮಾತಾಡ್ಲಿ?”

“ಇವನಲ್ಲ,” ಎಂದಳು ಸಿಗ್ರುನ್.

“ಏನಂದ್ರಿ?” ಎಂದಳು ಟೂರಿಡ್.

“ಇದು ಅವನ ದನಿ ಅಲ್ಲ. ಬೋಡಿಲ್ ಅಡುಗೆಮನೇಲಿ ಕೂತು ನಾನೇ ಎರಡು ಸಲ ಕೇಳಿದ್ದೀನಿ, ಸ್ಪೀಕರಲ್ಲಿ. ಅವನದು ಮೆತ್ತಗಿನ ದನಿ, ತೆಳು. ಇವನು ಕಲ್ಲು ಮಿಷನ್ ಥರ ಮಾತಾಡ್ತಾನೆ. ದನಿ ವಿಷಯದಲ್ಲಿ ನಾನು ತಪ್ಪೋದಿಲ್ಲ. ಮುಖ ಮಾತ್ರ… ಮುಖ ಇವನದೇ!”

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರು ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯದ ಗಳಿಗೆ ಅದು.

“ಕೂತ್ಕೊಳ್ಳಿ ಸಿಗ್ರುನ್,” ಎಂದಳು ಟೂರಿಡ್. “ಮೊದಲು ಇದನ್ನ ಹೇಳಿ. ಇವರನ್ನ ಪಟ್ಟೀಲಿ ಹುಡುಕಿದ್ದು ನಿಮ್ಮ ತಂಗಿ ಅಂದ್ರಿ. ಅಲ್ಲಿರೋದು ನಿಮ್ಮ ಹೆಸರು.”

ಸಿಗ್ರುನ್‌ಳ ಮುಖ ಕಿವಿಯವರೆಗೂ ಕೆಂಪಾಯಿತು.

“ಅವಳಿಗೆ ನಾಚಿಕೆ ಆಯ್ತು. ‘ನನ್ನ ಹೆಸರು ಅವನಿಗೆ ಕಂಡ್ರೆ, ನಾನು ದುಡ್ಡು ನೋಡೋಳು ಅಂದ್ಕೋತಾನೆ, ನೀನೇ ನೋಡೇ ಅಕ್ಕಾ’ ಅಂದ್ಲು. ನಾನು ನನ್ನ ಗುರುತು ಹಾಕಿ ನೋಡಿದೆ. ಇದನ್ನ ಪೊಲೀಸರಿಗೆ ಹೇಳೋಕೆ ನಂಗೂ ಒಂಥರಾ ಆಯ್ತು. ಎಲ್ರೂ ಹೀಗೇ ಮಾಡ್ತಾರಲ್ವಾ? ನೀವು ಮಾಡಿಲ್ವಾ?”

ಎರಡು ವರ್ಷದ ಹಿಂದೆ ತನ್ನ ಹೊಸ ಮೇಲಧಿಕಾರಿಯ ಸಂಬಳ ನೋಡಲು ಟೂರಿಡ್ ತಮ್ಮನ ಹೆಂಡತಿಯನ್ನು ಕಾಡಿ ಬೇಡಿದ್ದಳು. ಅಪರಿಚಿತನೊಬ್ಬನ ಜೊತೆ ಕಾಫಿಗೆ ಹೋಗುವ ಧೈರ್ಯವಿದೆ, ಅವನನ್ನು ಪರೀಕ್ಷಿಸಿದೆ ಎಂದು ಅವನಿಗೆ ಗೊತ್ತಾಗುವುದಕ್ಕೆ ಮಾತ್ರ ಸಂಕೋಚ. ಎಂಥ ಜನವೋ ನಾವು ಎಂದುಕೊಂಡಳು.

“ವಿಡಿಯೋ ಕಾಲ್ ಬಂದಾಗ ದನಿ ಹೇಗಿತ್ತು?”

“ಅವತ್ತು ದನಿ ಕೇಳ್ಸಿಲ್ಲ. ಫೆರಿ ಮೇಲೆ ಬಿರುಗಾಳಿ. ತುಟಿ ಆಡ್ತಿತ್ತು, ನಗ್ತಿದ್ದ, ಕೈ ಆಡಿಸ್ತಿದ್ದ. ಅರ್ಧ ನಿಮಿಷ ಇರ್ಬೇಕು. ಆಮೇಲೆ ‘ಗಾಳಿ ಜಾಸ್ತಿ, ಫೋನ್ ಮಾಡ್ತೀನಿ’ ಅಂತ ಬರ್ದ. ಐದು ನಿಮಿಷ ಬಿಟ್ಟು ಫೋನ್ ಬಂತು.”

“ಅಂದ್ರೆ ಮುಖ ನೋಡ್ದಾಗ ದನಿ ಇಲ್ಲ, ದನಿ ಕೇಳ್ದಾಗ ಮುಖ ಇಲ್ಲ.”

ಸಿಗ್ರುನ್ ಬಾಯಿಗೆ ಕೈ ಅಡ್ಡ ಹಿಡಿದಳು.

ಅಷ್ಟು ಸಲೀಸು. ಒಬ್ಬನ ಮುಖಕ್ಕೆ ಇನ್ನೊಬ್ಬನ ದನಿ ಅಂಟಿಸಿ ಒಬ್ಬ ಮನುಷ್ಯನನ್ನು ಮಾಡಿದ್ದಾರೆ. ಬೋಡಿಲ್ ಪಟ ಪರೀಕ್ಷಿಸಿದಳು, ಹೆಸರು ಪರೀಕ್ಷಿಸಿದಳು, ಊರು ಪರೀಕ್ಷಿಸಿದಳು. ಪರೀಕ್ಷಿಸಿದ್ದೆಲ್ಲ ಕುರ್ಚಿಯಲ್ಲಿ ಕುಳಿತಿರುವ ಈ ಬಡಪಾಯಿಯನ್ನು. ಫೋನಿನಲ್ಲಿ ಮಾತನಾಡುತ್ತಿದ್ದವನನ್ನು ಯಾರೂ ಪರೀಕ್ಷಿಸಲೇ ಇಲ್ಲ.

ಟೂರಿಡ್ ಪಟವನ್ನು ಮತ್ತೆ ಕೈಗೆತ್ತಿಕೊಂಡಳು. ಓಡ್ವಾರ್ ಕ್ಯಾಮೆರಾದ ಕಡೆಗೆ ಬಾಗಿ ನಗುತ್ತಿದ್ದ. ಕಣ್ಣಿನ ಸುತ್ತ ಸುಕ್ಕು ಮೂಡಿತ್ತು. ಒಂದು ಕೈ ಪಟದ ಅಂಚಿನಿಂದ ಹೊರಗೆ ಚಾಚಿತ್ತು, ಪಟ ತೆಗೆಯುತ್ತಿದ್ದವರ ಹೆಗಲಿನ ಮೇಲೆ ಇದ್ದಂತೆ.

“ಇದನ್ನ ಯಾರು ತೆಗೆದ್ರು?”

“ಬೇಸಿಗೇಲಿ ದಿನಾ ನೂರು ಟೂರಿಸ್ಟ್‌ಗಳು ತೆಗೀತಾರೆ.”

“ಟೂರಿಸ್ಟ್‌ಗಳ ಹೆಗಲ ಮೇಲೆ ಕೈ ಹಾಕ್ತೀರಾ ನೀವು?”

ಓಡ್ವಾರ್ ಪಟದ ಕಡೆ ನೋಡಿದ. ಈ ಸಲ ಕನ್ನಡಕ ಏರಿಸಲಿಲ್ಲ. “ಗೊತ್ತಿಲ್ಲ. ನೆನಪಿಲ್ಲ,” ಎಂದ. ಅವನ ದನಿಯಲ್ಲಿದ್ದ ಗೊಂದಲ ನಿಜವಾದದ್ದೇ ಎಂದು ಟೂರಿಡ್‌ಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಬೇಸರವೂ ಆಯಿತು, ಯಾಕೆಂದರೆ ಈ ದಿನ ಬೆಳಿಗ್ಗೆಯಿಂದ ಅವಳಿಗೆ ಅನ್ನಿಸಿದ್ದು ಒಂದೂ ನೆಟ್ಟಗಿರಲಿಲ್ಲ.

ಎಸ್ಕಿಲ್ ಓಡಿಯೇ ಬಂದ. ಕೈಯಲ್ಲಿ ಹಾಳೆ, ಮುಖದಲ್ಲಿ ಬೆವರು.

“ಟೂರಿಡ್, ಕೇಳು. ಆರು ಜನಾನೂ ಸಿಕ್ಕಿದ್ರು. ಐವರ ವಿಷಯ ಮುಗಿದಿದೆ, ಅವನೇ ಬರೆಯೋದು ನಿಲ್ಲಿಸಿದ್ದಾನೆ, ಯಾರೂ ಭೇಟಿ ಆಗಿಲ್ಲ. ಆರನೆಯವಳು ಹೆರ್‌ಬೋರ್ಗ್ ಸ್ಟೊಕ್ಕೆ, ಹೂವಿನಂಗಡಿಯವಳು. ‘ನಂಗಲ್ಲಪ್ಪಾ, ನಮ್ಮಂಗಡೀಲಿ ಕೆಲಸ ಮಾಡೋ ಉನ್ನಿಗೋಸ್ಕರ ನೋಡಿದೆ, ಅವಳಿಗೆ ಸಂಕೋಚ’ ಅಂದ್ಲು.”

“ಇವಳದೂ ಅದೇ ಕಥೆ!”

“ಪೂರ್ತಿ ಕೇಳು ಮಾರಾಯ್ತೀ. ಉನ್ನಿ ಇವತ್ತು ಬೆಳಿಗ್ಗೆ ಹತ್ತಕ್ಕೆ ಹೊರಟಿದ್ದಾಳೆ. ಅವನ ಜೊತೆ. ಅವನ ಕಾರಲ್ಲಿ. ಬೆಟ್ಟದ ಮೇಲೆ ಅವನದೊಂದು ಮರದ ಮನೆ ಇದ್ಯಂತೆ.”

ಟೂರಿಡ್ ಗಡಿಯಾರ ನೋಡಿದಳು. ಹನ್ನೊಂದು ನಲವತ್ತು.

“ನಂಗೆ ಬೆಟ್ಟದ ಮೇಲೆ ಯಾವ ಮನೆಯೂ ಇಲ್ಲ,” ಎಂದ ಓಡ್ವಾರ್, ಯಾರೂ ಕೇಳದಿದ್ದರೂ.

“ಫೋನ್ ಎಲ್ಲಿದೆ ಅಂತ ಜಾಡು ಹಿಡಿಯೋಕೆ?”

“ಹೇಳಿದ್ದೀನಿ. ಅಪ್ಪಣೆ ಆಗಿ ಬರೋಕೆ ನಲವತ್ತು ನಿಮಿಷ.”

ನಲವತ್ತು ನಿಮಿಷದಲ್ಲಿ ಕಾರು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಆದರೆ ಆ ಕಾರಿನಲ್ಲಿರುವವನಿಗೆ ಮಾತ್ರ ಬೋಡಿಲ್ ಎಲ್ಲಿದ್ದಾಳೆಂಬುದು ಗೊತ್ತು. ಕರೆ ಮಾಡಿದರೆ ಅವನು ಎಚ್ಚರಗೊಂಡಾನು, ಮಾಡದಿದ್ದರೆ ಸಂಜೆಯಾಗುತ್ತದೆ. ಟೂರಿಡ್ ಹಲ್ಲು ಕಚ್ಚಿ ಉನ್ನಿಯ ನಂಬರು ಒತ್ತಿದಳು.

“ಸಿಗ್ರುನ್, ಇಲ್ಲೇ ಇರಿ. ದನಿ ಕೇಳಿದ್ರೆ ಬಾಯಿ ತೆರೀಬೇಡಿ, ತಲೆ ಆಡಿಸಿ ಸಾಕು.” ಸ್ಪೀಕರು ಹಾಕಿ ಫೋನನ್ನು ಮೇಜಿನ ನಡುವೆ ಇಟ್ಟಳು.

ಐದನೆಯ ರಿಂಗಿಗೆ ಉನ್ನಿ ಎತ್ತಿದಳು. ಹಿನ್ನೆಲೆಯಲ್ಲಿ ಹಾಡು, ಕಾರಿನ ಬಾಗಿಲು ಹಾಕಿದ ಸದ್ದು.

“ಉನ್ನಿ, ನಾನು ಟೂರಿಡ್ ವೆಸ್ಟ್‌ಬಿ, ಮೋಲ್ಡೆ ಪೊಲೀಸ್. ಗಾಬರಿ ಆಗ್ಬೇಡಿ. ಹೂಂ ಇಲ್ಲ ಅಂತಷ್ಟೇ ಹೇಳಿ. ಅವನು ಪಕ್ಕದಲ್ಲಿದ್ದಾನಾ?”

“ಯಾರು?”

“ಓಡ್ವಾರ್ ಅಂತ ಹೇಳ್ಕೊಂಡಿರೋನು.”

“ಅವನು ಪೆಟ್ರೋಲ್ ಹಾಕಿಸ್ತಿದ್ದಾನೆ, ನಾನು ಸಾಸೇಜ್ ತಿಂತಿದ್ದೀನಿ. ನಿಮಗೇನಾಗ್ಬೇಕು?”

“ಯಾವ ಬಂಕು? ಬಂಕ್ ಹೆಸರು ಹೇಳಿ.”

ಆ ಕಡೆಯಿಂದ ನಗು ಕೇಳಿಸಿತು. “ಅದನ್ನ ನಿಮಗ್ಯಾಕೆ ಹೇಳ್ಬೇಕು? ನೀವು ಪೊಲೀಸ್ ಅಂತ ನಾನು ಹೇಗೆ ನಂಬ್ಲಿ? ಈಗೆಲ್ಲ ಇಂಥ ಕರೆಗಳು ದಿನಕ್ಕೆ ಮೂರು ಬರ್ತವೆ. ಹಿಂಗೇ ಶುರು ಮಾಡ್ತಾರೆ, ಆಮೇಲೆ ಬ್ಯಾಂಕ್ ನಂಬರ್ ಕೇಳ್ತಾರೆ.”

“ನಾನು ಏನೂ ಕೇಳೋದಿಲ್ಲ ತಾಯಿ, ಆ ಕಾರ್ ಹತ್ತಬೇಡಿ ಅಷ್ಟೇ! ಅಂಗಡಿ ಒಳಗೆ ಹೋಗಿ ನಿಂತ್ಕೊಳ್ಳಿ. ನಿಜವಾದ ಓಡ್ವಾರ್ ನನ್ನೆದುರಿಗೆ ಕೂತಿದ್ದಾರೆ.”

“ಹಾಗಾ? ಹೆರ್‌ಬೋರ್ಗ್ ಪಟ್ಟೀಲಿ ನೋಡಿದ್ದಾಳೆ, ನಾನು ವಿಡಿಯೋ ನೋಡಿದ್ದೀನಿ. ನಿಜ, ಎದುರಿಗೆ ಸ್ವಲ್ಪ ಚಿಕ್ಕೋನ ಥರ ಕಾಣ್ತಾನೆ, ಗಡ್ಡ ತೆಗೆದಿದ್ದಾನೆ ಅಷ್ಟೇ. ಅವನನ್ನ ಚೆಕ್ ಮಾಡಿದ್ದೀನಿ ಮೇಡಂ. ನಿಮ್ಮನ್ನ ಮಾಡಿಲ್ಲ.”

“ಉನ್ನಿ, ದಯವಿಟ್ಟು…”

“ಓಡ್ವಾರ್!” ಎಂದು ಉನ್ನಿ ಕೂಗಿದಳು. “ಬಾ ಇಲ್ಲಿ, ತಮಾಷೆ ಕೇಳು. ಪೊಲೀಸಂತೆ, ನೀನು ನೀನಲ್ವಂತೆ!”

ಎಸ್ಕಿಲ್ ತಲೆಯ ಮೇಲೆ ಕೈ ಹೊತ್ತ. ಫೋನಿನೊಳಗೆ ಹೆಜ್ಜೆ ಸದ್ದು ಹತ್ತಿರವಾಯಿತು. ಯಾರೋ ಫೋನನ್ನು ಕೈಬದಲಾಯಿಸಿದರು.

“ಹಲೋ, ಓಡ್ವಾರ್ ರೆಕ್‌ದಾಲ್ ಮಾತಾಡ್ತಿರೋದು,” ಎಂದಿತು ಮೆತ್ತಗಿನ, ತೆಳು ದನಿ. “ಯಾರು ಬೇಕಿತ್ತು?”

ಸಿಗ್ರುನ್ ತಲೆಯಾಡಿಸಿದಳು. ಒಂದಲ್ಲ, ಎರಡಲ್ಲ, ಆಡಿಸುತ್ತಲೇ ಇದ್ದಳು, ಕೆನ್ನೆಯ ಮೇಲೆ ನೀರು ಸುರಿಯುತ್ತಿತ್ತು. ಟೂರಿಡ್ ಮಾತು ಬೆಳೆಸಲು ಬಾಯಿ ತೆರೆದಳು. ಏನಾದರೂ ಹೇಳಬೇಕು, ಐದು ನಿಮಿಷ ಎಳೆಯಬೇಕು, ಹಿಂದೆ ಕೇಳುವ ಸದ್ದಿನಿಂದಲಾದರೂ ಆ ಬಂಕು ಯಾವುದೆಂದು ಗೊತ್ತಾಗಬೇಕು.

ಆಗ ಮೇಜಿನ ಆಚೆಯಿಂದ ಒಂದು ದಪ್ಪ ಕೈ ಚಾಚಿ ಬಂತು. ಓಡ್ವಾರ್ ಫೋನನ್ನು ಎತ್ತಿಕೊಂಡು ಕರೆಯನ್ನು ಕತ್ತರಿಸಿದ.

“ಏನ್ ಮಾಡಿದ್ರೀ ನೀವು!” ಟೂರಿಡ್ ಫೋನನ್ನು ಕಿತ್ತುಕೊಂಡು ಮತ್ತೆ ಒತ್ತಿದಳು. ಎಸ್ಕಿಲ್ ತನ್ನ ಫೋನಿನಿಂದ ಒತ್ತಿದ. ಎರಡರಲ್ಲೂ ಒಂದೇ ಉತ್ತರ: ಉನ್ನಿಯ ಫೋನು ಬಂದ್ ಆಗಿತ್ತು.

ಓಡ್ವಾರ್ ಕುಳಿತೇ ಇದ್ದ. ಬೆಳಿಗ್ಗೆಯಿಂದ ಕುರ್ಚಿ ತುಂಬ ಕುಳಿತಿದ್ದವನು ಈಗ ಅದರ ಒಂದು ಮೂಲೆಗೆ ಮುದುಡಿಕೊಂಡಿದ್ದ. ಮುಖದಲ್ಲಿ ಗೊಂದಲದ ಸುಳಿವೂ ಇರಲಿಲ್ಲ. ಟೂರಿಡ್‌ಗೆ ಬೆಳಿಗ್ಗೆಯಿಂದ ಮೊದಲ ಸಲ ಭಯವಾಯಿತು.

“ಯಾರದು ಆ ದನಿ?”

“ಒಂದು ಗಂಟೆ ಕೊಡಿ ನಂಗೆ. ಒಂದೇ ಗಂಟೆ. ನಾನೇ ಹೋಗಿ ಕರ್ಕೊಂಡ್ ಬರ್ತೀನಿ.”

“ಯಾರನ್ನ? ಎಲ್ಲಿಂದ?”

ಸಿಗ್ರುನ್ ಮೇಜನ್ನು ಸುತ್ತಿಕೊಂಡು ಬಂದು ಅವನ ಎದುರು ಮಂಡಿಯೂರಿದಳು. ಈ ಸಲ ಕಾಲರು ಹಿಡಿಯಲಿಲ್ಲ, ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು.

“ನನ್ನ ತಂಗಿ ಬದುಕಿದ್ದಾಳಾ? ಅಷ್ಟು ಹೇಳಿ ಸಾಕು. ಬದುಕಿದ್ದಾಳಾ?”

“ನನ್ನ ಮಗ ಕೆಟ್ಟೋನಲ್ಲಮ್ಮಾ,” ಎಂದ ಓಡ್ವಾರ್. “ಹಿಂದಿನ ಸಲಾನೂ ಅವನು ಬೇಕಂತ ಮಾಡಿದ್ದಲ್ಲ.”